ಕ್ರಿಪ್ಟೋ: ತೆರಿಗೆ ಇದೆ, ರಕ್ಷಣೆ ಇಲ್ಲ

ಕ್ರಿಪ್ಟೋದಲ್ಲಿ ದುಡ್ಡು ಹೋಗಬೇಕಾದರೆ ಕಾಯಿನ್‌ನ ಬೆಲೆ ಬೀಳಲೇಬೇಕೆಂದಿಲ್ಲ. ಲಾಭ ಬ್ಯಾಂಕ್ ಖಾತೆಗೆ ಬಂದು ಬಿದ್ದ ಮೇಲೆಯೇ ಸಿಕ್ಕಿಹಾಕಿಕೊಂಡವರಿದ್ದಾರೆ. ದಕ್ಷಿಣ ಕನ್ನಡದ ಫರಂಗಿಪೇಟೆ, ತುಂಬೆ, ಬಿ.ಸಿ.ರೋಡು, ಆಚೆ ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ಗಲ್ಫಿನಲ್ಲಿ ದುಡಿಯುವವರಿರುವ ಮನೆಗಳು ಬಹಳ. ಅಲ್ಲಿಂದ ದುಡ್ಡು ಕಳಿಸಲು ಬ್ಯಾಂಕಿಗಿಂತ ಯುಎಸ್‌ಡಿಟಿ ಬೇಗ, ರೇಟೂ ಒಳ್ಳೆಯದು ಎಂದು ರೂಮಿನ ಗೆಳೆಯನೊಬ್ಬ ಹೇಳಿಕೊಟ್ಟರೆ ನಂಬುವುದು ಸುಲಭ. ಯುಎಸ್‌ಡಿಟಿ ಎಂದರೆ ಟೆಥರ್ ಎಂಬ ಕಂಪೆನಿ ಹೊರಡಿಸುವ ಕಾಯಿನ್. ಒಂದು ಕಾಯಿನ್‌ಗೆ ಒಂದು ಡಾಲರ್ ಎಂಬ ಲೆಕ್ಕದಲ್ಲಿ ಅದರ ಬೆಲೆ ನಿಲ್ಲುತ್ತದೆ. ಬಿಟ್‌ಕಾಯಿನ್‌ನಂತೆ ಏರಿಳಿಯುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂದು ಜನ ತಿಳಿದುಕೊಳ್ಳುತ್ತಾರೆ. ಅಪಾಯ ಇರುವುದು ಅದನ್ನು ರೂಪಾಯಿ ಮಾಡಿಕೊಳ್ಳುವ ಹೊತ್ತಿನಲ್ಲಿ.

ಅದು ನಡೆಯುವ ಬಗೆ ಹೀಗೆ. ಎಕ್ಸ್‌ಚೇಂಜ್ ಆ್ಯಪ್‌ಗಳಲ್ಲಿ ಪಿ-ಟು-ಪಿ ಎಂಬ ಒಂದು ವಿಭಾಗವಿರುತ್ತದೆ. ಮಾರುವವನು ತನ್ನ ಕಾಯಿನ್‌ಗಳನ್ನು ಅಲ್ಲಿಡುತ್ತಾನೆ, ಆ್ಯಪ್ ಅವನ್ನು ತಡೆದಿಡುತ್ತದೆ. ಗುರುತಿಲ್ಲದ ಯಾರೋ ಒಬ್ಬ ಯುಪಿಐ ಅಥವಾ ಐಎಂಪಿಎಸ್ ಮೂಲಕ ರೂಪಾಯಿ ಹಾಕುತ್ತಾನೆ. ದುಡ್ಡು ಬಂತು ಎಂದು ಮಾರುವವನು ಒತ್ತಿದ ಕೂಡಲೇ ಕಾಯಿನ್ ಕೊಳ್ಳುವವನಿಗೆ ಹೋಗುತ್ತದೆ. ಕಾಯಿನ್ ಮೇಲೆ ಆ್ಯಪ್‌ನ ಹಿಡಿತವಿದೆ, ಆದರೆ ಬಂದ ರೂಪಾಯಿ ಯಾರದ್ದು ಎಂಬುದು ಅದಕ್ಕೆ ಕಾಣುವುದಿಲ್ಲ. ಹೈದರಾಬಾದಿನಲ್ಲೋ ಸೂರತ್‌ನಲ್ಲೋ ಮೋಸಹೋದ ಒಬ್ಬರ ಹಣ ನಾಲ್ಕಾರು ಖಾತೆಗಳನ್ನು ದಾಟಿ ಫರಂಗಿಪೇಟೆಯ ಖಾತೆಗೆ ಬಂದು ಸೇರಿರಬಹುದು. ಆ ಮನುಷ್ಯ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಮೇಲೆ ಪೊಲೀಸರು ಹಣ ಹೋದ ದಾರಿ ಹಿಡಿದು ಖಾತೆಯಿಂದ ಖಾತೆಗೆ ಬರುತ್ತಾರೆ. ಕೆಲವು ದಿನ ಕಳೆದು ಎಟಿಎಂ ಕಾರ್ಡ್ ನಡೆಯುವುದಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದರೆ, ಯಾವುದೋ ರಾಜ್ಯದ ಸೈಬರ್ ಠಾಣೆಯಿಂದ ಬಂದ ಸೂಚನೆಯಂತೆ ಖಾತೆ ಫ್ರೀಜ್ ಆಗಿದೆ ಎನ್ನುತ್ತಾರೆ.

ಮಾರುಕಟ್ಟೆ ದರಕ್ಕಿಂತ ನಾಲ್ಕೈದು ರೂಪಾಯಿ ಹೆಚ್ಚು ಕೊಡುತ್ತೇನೆ ಎನ್ನುವವನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅವನು ಯಾಕೆ ಹೆಚ್ಚು ಕೊಡುತ್ತಾನೆ? ಕದ್ದ ರೂಪಾಯಿ ಅವನ ಕೈಯಲ್ಲಿ ಗಂಟೆಗಳ ಮಟ್ಟಿಗೆ ಮಾತ್ರ ಇರುತ್ತದೆ. ಬ್ಯಾಂಕ್ ತಡೆಯುವುದರೊಳಗೆ ಅದನ್ನು ಕಾಯಿನ್ ಮಾಡಿ ಹೊರಗೆ ಸಾಗಿಸಬೇಕು. ಆ ಅವಸರಕ್ಕೆ ಅವನು ತೆರುವ ಬೆಲೆಯೇ ನಮಗೆ ಸಿಗುವ ಹೆಚ್ಚಿನ ದರ. ಆ್ಯಪ್‌ನಲ್ಲಿ ಒಂದು ಹೆಸರು, ದುಡ್ಡು ಬಂದ ಖಾತೆಯಲ್ಲಿ ಇನ್ನೊಂದು ಹೆಸರು ಇದ್ದರೆ, ಅಥವಾ 'ದೋಸ್ತಿಯ ಖಾತೆಯಿಂದ ಹಾಕಿದ್ದೇನೆ' ಎಂಬ ಮೆಸೇಜ್ ಬಂದರೆ ಕಾಯಿನ್ ಬಿಡಬಾರದು. ಹಣ ಬಂದ ಖಾತೆಗೇ ಮರಳಿಸಿ ವ್ಯವಹಾರ ರದ್ದು ಮಾಡುವಂತೆ ಆ್ಯಪ್‌ನವರಿಗೆ ಬರೆಯಬೇಕು.

ಊರಿಗೆ ಹಣ ಕಳಿಸುವುದಕ್ಕಂತೂ ಈ ದಾರಿ ಬೇಡವೇ ಬೇಡ. ವಿದೇಶದ ಹಣ ಅಧಿಕೃತ ಬ್ಯಾಂಕ್ ಅಥವಾ ಹಣ ರವಾನೆ ಸಂಸ್ಥೆಯ ಮೂಲಕವೇ ಒಳಗೆ ಬರಬೇಕೆಂಬುದು ಫೆಮಾ ಕಾಯ್ದೆಯ ತಳಹದಿ. ಮಗ ಬೆವರು ಸುರಿಸಿ ದುಡಿದ ದುಡ್ಡಾದರೂ ಈ ಬಾಗಿಲಿನಿಂದ ಬಂದರೆ ಅದರ ಮೂಲ ತೋರಿಸುವ ಚೀಟಿ ತಾಯಿಯ ಕೈಯಲ್ಲಿ ಇರುವುದಿಲ್ಲ.

ಖಾತೆ ಫ್ರೀಜ್ ಆಗಿದ್ದರೆ ಮ್ಯಾನೇಜರರ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ, ಸೂಚನೆ ಅವರದ್ದಲ್ಲ. ಅವರಿಂದ ಮೂರು ವಿವರ ಬರೆಸಿಕೊಳ್ಳಿ: ಯಾವ ಠಾಣೆ, ದೂರಿನ ಸ್ವೀಕೃತಿ ಸಂಖ್ಯೆ ಏನು, ವಿವಾದದ ಮೊತ್ತ ಎಷ್ಟು. ಮೂರನೆಯದು ಬಹಳ ಮುಖ್ಯ. 10,000 ರೂಪಾಯಿಯ ವಿವಾದಕ್ಕೆ ಇಡೀ ಖಾತೆಯನ್ನೇ ತಡೆದ ಪ್ರಕರಣಗಳು ಬಂದಾಗ, ಪೊಲೀಸರು ತಿಳಿಸಿದ ಮೊತ್ತಕ್ಕಷ್ಟೇ ತಡೆ ಇರಬೇಕು ಎಂದು ನೆರೆಯ ಕೇರಳದ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿತು. ಅದನ್ನು ಆಧಾರವಾಗಿಟ್ಟು, ಪಿ-ಟು-ಪಿ ವ್ಯವಹಾರದ ಆರ್ಡರ್ ಸಂಖ್ಯೆ, ಚಾಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಿ ಆ ಠಾಣೆಗೆ ಲಿಖಿತ ಮನವಿ ಕಳಿಸಬೇಕು. ವಕೀಲರ ಮೂಲಕ ಕಳಿಸಿದರೆ ಒಳ್ಳೆಯದು. ಕಾಲೇಜು ಹುಡುಗರು ಕಮಿಷನ್‌ನ ಆಸೆಗೆ ತಮ್ಮ ಖಾತೆ, ಸಿಮ್, ಎಟಿಎಂ ಕಾರ್ಡನ್ನು ಇನ್ನೊಬ್ಬನ ಕೈಗೆ ಕೊಟ್ಟಿದ್ದರೆ ಮಾತ್ರ ಇಷ್ಟರಲ್ಲಿ ಮುಗಿಯುವುದಿಲ್ಲ. ಅವರು ಆರೋಪಿಗಳಾಗುತ್ತಾರೆ. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟಿರುವ ತಂದೆತಾಯಿ ಇದನ್ನು ಅವರಿಗೆ ಬಿಡಿಸಿ ಹೇಳಬೇಕು.

ಕೀ ಯಾರ ಹತ್ತಿರ?

ರೂಪಾಯಿಯ ಬದಿ ಹೀಗಾದರೆ ಕಾಯಿನ್‌ನ ಬದಿಯ ಭದ್ರತೆ ಬೇರೆಯೇ. ಬಿಟ್‌ಕಾಯಿನ್ ಯಾವ ಫೋನಿನಲ್ಲೂ ಇರುವುದಿಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕದ ಪುಸ್ತಕದ ಪ್ರತಿಗಳಿವೆ, ಅದರಲ್ಲಿ ಇಂಥ ವಿಳಾಸದಲ್ಲಿ ಇಷ್ಟು ಎಂಬ ನಮೂದು ಇರುತ್ತದೆ, ಅಷ್ಟೆ. ಆ ನಮೂದನ್ನು ಬೇರೆ ವಿಳಾಸಕ್ಕೆ ಬದಲಿಸುವ ಅಧಿಕಾರ ಕೊಡುವುದು ಪ್ರೈವೇಟ್ ಕೀ ಎಂಬ ಗುಟ್ಟಿನ ದೊಡ್ಡ ಸಂಖ್ಯೆ. ವಾಲೆಟ್ ಕಾಪಾಡುವುದು ಆ ಸಂಖ್ಯೆಯನ್ನು. ಪುಸ್ತಕವನ್ನು ಯಾರು ಬೇಕಾದರೂ ತೆರೆದು ಯಾರ ಲೆಕ್ಕವನ್ನಾದರೂ ನೋಡಬಹುದು, ಬದಲಿಸುವುದು ಕೀ ಇದ್ದವನಿಗೆ ಮಾತ್ರ ಸಾಧ್ಯ.

ಈ ವ್ಯತ್ಯಾಸ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಬಿಟ್‌ಕಾಯಿನ್ ಹಗರಣಕ್ಕಿಂತ ದೊಡ್ಡ ಪಾಠ ಬೇಕಿಲ್ಲ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಡ್ರಗ್ಸ್ ಪ್ರಕರಣವೊಂದರಲ್ಲಿ ಯುವ ಹ್ಯಾಕರ್ ಒಬ್ಬನನ್ನು ಬಂಧಿಸಿದರು. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ನುಗ್ಗಿ ಸುಮಾರು 11.5 ಕೋಟಿ ರೂ. ಎತ್ತಿದ ಆರೋಪವೂ ಅವನ ಮೇಲಿತ್ತು. ಅವನಿಂದ ಸುಮಾರು 9 ಕೋಟಿ ರೂ. ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು 2021ರ ಜನವರಿಯಲ್ಲಿ ಸಿಸಿಬಿ ಪ್ರಕಟಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಪೊಲೀಸ್ ಕಮಿಷನರ್ ವಿವರಣೆ ಕೊಡಬೇಕಾಯಿತು: ಆರೋಪಿ ತನ್ನದೆಂದು ತೋರಿಸಿದ ವಾಲೆಟ್ ಯಾವುದೋ ಎಕ್ಸ್‌ಚೇಂಜ್‌ನದ್ದು, ಅದರ ಪ್ರೈವೇಟ್ ಕೀ ಅವನ ಬಳಿ ಇರಲೇ ಇಲ್ಲ. ಪರದೆಯ ಮೇಲೆ ಮೊತ್ತ ಕಂಡಿತ್ತು, ಕೈಗೆ ಒಂದು ಕಾಯಿನ್ನೂ ಬಂದಿರಲಿಲ್ಲ. 2023ರಲ್ಲಿ ಸರ್ಕಾರ ಎಸ್‌ಐಟಿ ರಚಿಸಿತು. 2024ರ ಜನವರಿಯಲ್ಲಿ ಆ ಎಸ್‌ಐಟಿ, ಮೊದಲಿನ ತನಿಖೆಯಲ್ಲಿದ್ದ ಇನ್ಸ್‌ಪೆಕ್ಟರ್ ಒಬ್ಬರನ್ನೂ ಪೊಲೀಸರಿಗೆ ನೆರವಾಗಿದ್ದ ಸೈಬರ್ ತಜ್ಞನನ್ನೂ ಬಂಧಿಸಿತು. ತುಮಕೂರಿನ ಯುನೊಕಾಯಿನ್ ಕಂಪೆನಿಯಿಂದ 2017ರಲ್ಲಿ 60.6 ಬಿಟ್‌ಕಾಯಿನ್ ಕದ್ದ ಪ್ರಕರಣದಲ್ಲಿ ಮೊದಲಿನ ಆರೋಪಿಯನ್ನೇ 2024ರ ಮೇ ತಿಂಗಳಲ್ಲಿ ಮತ್ತೆ ಬಂಧಿಸಲಾಯಿತು. ವಶಪಡಿಸಿಕೊಂಡ ಕಾಯಿನನ್ನು ಹೇಗೆ ಕಾಪಾಡಬೇಕು, ಕೀ ಯಾರ ಸುಪರ್ದಿಯಲ್ಲಿರಬೇಕು ಎಂಬ ಪ್ರಶ್ನೆ ಪೊಲೀಸ್ ಇಲಾಖೆಗೇ ಇಷ್ಟು ಹೊಸದಾಗಿತ್ತು.

ಆ್ಯಪ್‌ನಲ್ಲಿ ಕಾಯಿನ್ ಕೊಂಡವರಲ್ಲೂ ಕೀ ಇರುವುದಿಲ್ಲ. ಅದು ಎಕ್ಸ್‌ಚೇಂಜ್‌ನ ಹತ್ತಿರವಿರುತ್ತದೆ. ಪರದೆಯಲ್ಲಿ ಕಾಣುವುದು ಕಂಪೆನಿ ನಮಗೆ ಕೊಡಬೇಕಾದ ಬಾಕಿಯ ಲೆಕ್ಕ. ಪೇಟೆಯ ಅಂಗಡಿಗಳಲ್ಲಿ ಪಿಗ್ಮಿ ಕಟ್ಟುವವರ ಪುಸ್ತಕದಲ್ಲಿರುವುದೂ ಬಾಕಿಯ ಲೆಕ್ಕವೇ. ಆದರೆ ಆ ಬಾಕಿಯ ಬೆನ್ನಿಗೆ ಬ್ಯಾಂಕಿಂಗ್ ಕಾನೂನು ನಿಂತಿದೆ.

2024ರ ಜುಲೈ 18ರಂದು ದೇಶದ ಎಕ್ಸ್‌ಚೇಂಜ್‌ಗಳಲ್ಲೊಂದಾದ ವಝೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳುವಾಯಿತು. ರೂಪಾಯಿಯಲ್ಲಿ 1,900 ಕೋಟಿಗೂ ಮೇಲೆ. ಆ ವಾಲೆಟ್‌ಗೆ ಒಬ್ಬರ ಸಹಿ ಸಾಲುತ್ತಿರಲಿಲ್ಲ, ಹಲವರ ಸಹಿ ಬೇಕಿತ್ತು. ಆದರೂ ಹೋಯಿತು. ಸಹಿ ಹಾಕುವವರ ಪರದೆಯಲ್ಲಿ ಕಂಡ ವ್ಯವಹಾರ ಒಂದು, ನಿಜವಾಗಿ ಸಹಿ ಬಿದ್ದದ್ದು ಇನ್ನೊಂದಕ್ಕೆ. ಆ ಸಹಿಯಿಂದ ವಾಲೆಟ್‌ನ ಹಿಡಿತವೇ ಕಳ್ಳರಿಗೆ ಹೋಯಿತು. ಉತ್ತರ ಕೊರಿಯಾದ ಹ್ಯಾಕರುಗಳ ಕೆಲಸ ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಒಟ್ಟಾಗಿ ಹೇಳಿದವು. ಗ್ರಾಹಕರ ಕಾಯಿನ್‌ಗಳು ವರ್ಷಕ್ಕೂ ಹೆಚ್ಚು ಕಾಲ ಸಿಲುಕಿಕೊಂಡವು. ಮಾತೃ ಕಂಪೆನಿ ಇದ್ದದ್ದು ಸಿಂಗಾಪುರದಲ್ಲಾದ್ದರಿಂದ ಮರುಪಾವತಿಯ ಯೋಜನೆಗೆ ಅಲ್ಲಿನ ನ್ಯಾಯಾಲಯದ ಒಪ್ಪಿಗೆ ಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ವ್ಯವಹಾರ ಮತ್ತೆ ಶುರುವಾಯಿತು, ನಷ್ಟ ಗ್ರಾಹಕರೆಲ್ಲರ ಮೇಲೂ ಹಂಚಿಹೋಯಿತು.

ಒಂದು ವರ್ಷದ ಬಳಿಕ, 2025ರ ಜುಲೈ 19ರಂದು, ಇನ್ನೊಂದು ಎಕ್ಸ್‌ಚೇಂಜ್ ಆದ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಹೋಯಿತು. ಕಂಪೆನಿಯ ಬೆಂಗಳೂರಿನ ಉದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಮೂಲಕ ಕಳ್ಳರು ಒಳಗೆ ಬಂದರು, ಆ ಉದ್ಯೋಗಿ ಆನ್‌ಲೈನ್ ಪಾರ್ಟ್‌ಟೈಮ್ ಕೆಲಸ ಒಪ್ಪಿಕೊಂಡಿದ್ದೇ ಅದಕ್ಕೆ ದಾರಿಯಾಯಿತು ಎಂಬುದು ಪೊಲೀಸರ ತನಿಖೆಯಲ್ಲಿ ಕಂಡ ಸಂಗತಿ. ಇಲ್ಲಿ ಹೋದದ್ದು ಕಂಪೆನಿಯ ಸ್ವಂತ ವ್ಯವಹಾರದ ಖಾತೆಯಿಂದ, ನಷ್ಟವನ್ನು ತಾನೇ ಭರಿಸುತ್ತೇನೆ ಎಂದು ಕಂಪೆನಿ ಹೇಳಿತು. ಎರಡೂ ಭಾರತದ ದೊಡ್ಡ ಹೆಸರುಗಳು, ಎರಡೂ ಪ್ರಕರಣಗಳ ಹೊತ್ತಿಗೆ ಇದ್ದದ್ದು ಅದೇ ಕಾನೂನು. ಆದರೂ ಒಂದು ಕಡೆ ಗ್ರಾಹಕ ನಷ್ಟ ಹೊತ್ತ, ಇನ್ನೊಂದು ಕಡೆ ಕಂಪೆನಿ ಹೊತ್ತಿತು. ಯಾರು ಹೊರಬೇಕೆಂದು ಕಾನೂನು ಹೇಳಿರಲಿಲ್ಲ. ಕಳುವು ಆದದ್ದು ಯಾವ ವಾಲೆಟ್‌ನಿಂದ, ಕಂಪೆನಿಯ ಬೊಕ್ಕಸದಲ್ಲಿ ಎಷ್ಟಿತ್ತು ಎಂಬುದರ ಮೇಲೆ ಎಲ್ಲ ನಿಂತಿತ್ತು. ಇದನ್ನು ನಾನು ತೀರಾ ಅನ್ಯಾಯ ಎಂದೇ ತಿಳಿಯುತ್ತೇನೆ.

ನಿಯಮ ಎಲ್ಲಿಗೆ ಬಂದಿದೆ

ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್, ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಅದೇ ಅಕ್ಟೋಬರ್‌ನಲ್ಲಿ ಯುನೊಕಾಯಿನ್ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟಾಗ ಪೊಲೀಸರು ಯಂತ್ರವನ್ನು ಹೊತ್ತೊಯ್ದು ಸ್ಥಾಪಕರಿಬ್ಬರನ್ನೂ ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2021ರ ಚಳಿಗಾಲದ ಅಧಿವೇಶನಕ್ಕೆಂದು ಪಟ್ಟಿಯಾದ ಕ್ರಿಪ್ಟೋ ಮಸೂದೆ ಸಂಸತ್ತಿನಲ್ಲಿ ಮಂಡನೆಯಾಗಲೇ ಇಲ್ಲ. ಅದರ ಬದಲು ಬಂದದ್ದು 2022ರ ಬಜೆಟ್‌ನ ತೆರಿಗೆ.

ಆ ತೆರಿಗೆಯ ಲೆಕ್ಕ ಅನೇಕರಿಗೆ ತಡವಾಗಿ ಅರ್ಥವಾಗುತ್ತದೆ. 1,00,000 ರೂಪಾಯಿಗೆ ಕೊಂಡ ಕಾಯಿನನ್ನು 1,40,000ಕ್ಕೆ ಮಾರಿದರೆ ಲಾಭ 40,000. ಅದಕ್ಕೆ ಶೇ 30ರಂತೆ 12,000, ಅದರ ಮೇಲೆ ಶೇ 4 ಸೆಸ್ 480, ಒಟ್ಟು 12,480 ರೂಪಾಯಿ. ಅದೇ ವರ್ಷ ಇನ್ನೊಂದು ಕಾಯಿನ್‌ನಲ್ಲಿ 40,000 ನಷ್ಟವಾಗಿದ್ದರೆ? ಕೈಯಲ್ಲಿ ಉಳಿದ ಲಾಭ ಸೊನ್ನೆ, ಆದರೂ 12,480 ಕಟ್ಟಲೇಬೇಕು. ಕ್ರಿಪ್ಟೋದ ನಷ್ಟವನ್ನು ಬೇರೆ ಯಾವ ಲಾಭದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. 2022ರ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ 1 ಟಿಡಿಎಸ್ ಕಡಿತವೂ ಇದೆ. ಮೇಲಿನ ಲೆಕ್ಕದಲ್ಲಿ ಅದು 1,400 ರೂಪಾಯಿ, ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಅಡಿಕೆ ಬಿಟ್ಟರೆ ಬೇರೆ ಆದಾಯವಿಲ್ಲ, ತನಗೆ ತೆರಿಗೆ ಬರುವುದಿಲ್ಲ ಎಂದುಕೊಂಡ ಕೃಷಿಕರಿಗೂ ಇದು ತಪ್ಪಿದ್ದಲ್ಲ, ಏಕೆಂದರೆ ಮೂಲ ವಿನಾಯಿತಿ ಮಿತಿ ಕ್ರಿಪ್ಟೋ ಲಾಭಕ್ಕೆ ಅನ್ವಯಿಸುವುದಿಲ್ಲ. ರಿಟರ್ನ್ಸ್‌ನಲ್ಲಿ ಇದಕ್ಕೆಂದೇ ಬೇರೆ ಶೆಡ್ಯೂಲ್ ಇದೆ, ಕೊಂಡ ದಿನ, ಮಾರಿದ ದಿನ ಎರಡನ್ನೂ ಅಲ್ಲಿ ತುಂಬಬೇಕು.

2023ರ ಮಾರ್ಚ್ 7ರಂದು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಎಕ್ಸ್‌ಚೇಂಜ್‌ಗಳೂ ಬಂದವು. ಅವು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಕೊಳ್ಳಬೇಕು, ಗ್ರಾಹಕರ ಕೆವೈಸಿ ಇಡಬೇಕು, ಅನುಮಾನದ ವ್ಯವಹಾರ ವರದಿ ಮಾಡಬೇಕು. ನೋಂದಣಿಯಿಲ್ಲದೆ ನಡೆಸುತ್ತಿದ್ದ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಅದೇ ಡಿಸೆಂಬರ್‌ನಲ್ಲಿ ನೋಟಿಸ್ ಹೋಯಿತು. ಅವುಗಳಲ್ಲೊಂದಾದ ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ ರೂ. ದಂಡ ಬಿತ್ತು. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಗ್ರಾಹಕರ ದಾಖಲೆ ಐದು ವರ್ಷ ಉಳಿಸಬೇಕು ಎಂಬ ನಿಯಮ 2022ರಿಂದಲೇ ಇದೆ.

ಇವೆಲ್ಲ ಬೇಕಾದವೇ. ಆದರೆ ಇವು ಸರ್ಕಾರದ ಬೊಕ್ಕಸವನ್ನೂ ತನಿಖೆಗೆ ಬೇಕಾದ ದಾಖಲೆಯನ್ನೂ ಕಾಯುತ್ತವೆ. ಕಂಪೆನಿ ಮುಳುಗಿದರೆ ಗ್ರಾಹಕನಿಗೆ ಏನು ಸಿಗುತ್ತದೆ ಎಂಬುದಕ್ಕೆ ಇವುಗಳಲ್ಲಿ ಉತ್ತರವಿಲ್ಲ. ನೋಂದಣಿಯಾದ ಎಕ್ಸ್‌ಚೇಂಜ್ ಎಂಬ ಮಾತನ್ನು ಸರ್ಕಾರದ ಗ್ಯಾರಂಟಿ ಎಂದು ಓದಿಕೊಳ್ಳುವವರು ಗಮನಿಸಬೇಕಾದದ್ದು ಇದು. ಬ್ಯಾಂಕುಗಳಲ್ಲೂ ಹಿಂದೆ ಹೀಗೆಯೇ ಇತ್ತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ಠೇವಣಿ ವಿಮೆಯ ಕಾಯ್ದೆ ಬಂತು, 1962ರ ಜನವರಿ 1ರಿಂದ 1,500 ರೂಪಾಯಿವರೆಗೆ ರಕ್ಷಣೆ ಸಿಕ್ಕಿತು. 2020ರಿಂದ ಅದು 5 ಲಕ್ಷ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂದು ಐದು ದೊಡ್ಡ ಬ್ಯಾಂಕು ಹುಟ್ಟಿಸಿದ ಅವಿಭಜಿತ ದಕ್ಷಿಣ ಕನ್ನಡದವರಾದ ನಮಗೆ, ಇಟ್ಟ ದುಡ್ಡು ಇಟ್ಟಲ್ಲೇ ಇರುತ್ತದೆ ಎಂಬ ನಂಬಿಕೆ ರೂಢಿಯಾಗಿದೆ. ಅದರ ಹಿಂದೆ ಮುಳುಗಿದವರ ನಷ್ಟವೂ ಅದರಿಂದ ಹುಟ್ಟಿದ ಕಾನೂನೂ ಇವೆ. ಕ್ರಿಪ್ಟೋ ಇನ್ನೂ 1962ಕ್ಕೆ ಮುಂಚಿನ ಸ್ಥಿತಿಯಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್, ವಝೀರ್‌ಎಕ್ಸ್‌ನ ಗ್ರಾಹಕರೊಬ್ಬರ ಪ್ರಕರಣದಲ್ಲಿ, ಕ್ರಿಪ್ಟೋ ಒಂದು ಆಸ್ತಿ, ಅದನ್ನು ಒಬ್ಬರ ಪರವಾಗಿ ಇನ್ನೊಬ್ಬರು ನಂಬಿಕೆಯ ಮೇಲೆ ಹಿಡಿದಿಡಬಹುದು ಎಂದಿತು. ಗ್ರಾಹಕರ ಕೈಗೆ ಸಿಕ್ಕ ಮೊದಲ ಗಟ್ಟಿ ಹಿಡಿಗಳಲ್ಲಿ ಇದೊಂದು. ಸಂಸತ್ತು ಅದನ್ನು ಕಾಯ್ದೆಯಾಗಿ ಬರೆಯುವವರೆಗೆ ಒಬ್ಬೊಬ್ಬರೂ ಕೋರ್ಟಿಗೆ ಹೋಗಿಯೇ ಪಡೆಯಬೇಕು.

ಸ್ವಂತ ವಾಲೆಟ್

ಹಾಗಾದರೆ ಕೀ ನಾವೇ ಇಟ್ಟುಕೊಳ್ಳೋಣ ಎನ್ನುವವರಿಗೆ ಹಾರ್ಡ್‌ವೇರ್ ವಾಲೆಟ್ ಇದೆ. ಪೆನ್‌ಡ್ರೈವ್‌ನಷ್ಟು ಚಿಕ್ಕ ಸಾಧನ, ಕೀ ಅದರಿಂದ ಹೊರಗೆ ಬರುವುದೇ ಇಲ್ಲ. ತಯಾರಿಸಿದ ಕಂಪೆನಿಯಿಂದಲೇ ತರಿಸಬೇಕು, ಸೆಕೆಂಡ್‌ಹ್ಯಾಂಡ್ ಬೇಡ. ಅದನ್ನು ಮೊದಲು ಚಾಲೂ ಮಾಡುವಾಗ 12 ಅಥವಾ 24 ಇಂಗ್ಲಿಷ್ ಪದಗಳನ್ನು ಕೊಡುತ್ತದೆ, 2,048 ಪದಗಳ ನಿಗದಿತ ಪಟ್ಟಿಯಿಂದ ಆರಿಸಿದವು. ಆ ಪದಗಳು ಅದೇ ಕ್ರಮದಲ್ಲಿ ಇದ್ದರೆ ಸಾಧನ ಹಾಳಾದರೂ ಕಾಯಿನ್ ಮರಳಿ ಸಿಗುತ್ತದೆ, ಬೇರೆಯವರ ಕೈಗೆ ಸಿಕ್ಕರೆ ಅವರಿಗೂ ಸಿಗುತ್ತದೆ. ಕನ್ನಡದಲ್ಲಿ ಅಧಿಕೃತ ಪದಪಟ್ಟಿ ಇಲ್ಲ. ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದಿಟ್ಟರೆ ಆಮೇಲೆ ಸ್ಪೆಲ್ಲಿಂಗ್ ಗೊಂದಲವಾಗುತ್ತದೆ, ಹಾಗಾಗಿ ಇಂಗ್ಲಿಷ್ ದೊಡ್ಡಕ್ಷರದಲ್ಲೇ, ಅಂಕಿ ಹಾಕಿ ಬರೆಯಿರಿ. ಫೋಟೊ ತೆಗೆಯಬಾರದು, ವಾಟ್ಸಾಪ್‌ನಲ್ಲಿ ತನಗೆ ತಾನೇ ಕಳಿಸಿಕೊಳ್ಳಲೂ ಬಾರದು. ನಮ್ಮ ಮಳೆಗಾಲದ ಥಂಡಿಗೆ ಕಪಾಟಿನ ಕಾಗದವೂ ಬೂಸ್ಟು ಹಿಡಿಯುತ್ತದೆ. ನೇತ್ರಾವತಿಯ ದಡದ ಮನೆಗಳವರಿಗೆ 1923ರ, 1974ರ ನೆರೆಯ ಮಾತು ಹಿರಿಯರಿಂದ ಬಂದೇ ಇದೆ. ಒಂದು ಪ್ರತಿ ಸ್ಟೀಲ್ ತಗಡಿನಲ್ಲಿ ಕೆತ್ತಿಸಿ, ಇನ್ನೊಂದನ್ನು ಬ್ಯಾಂಕ್ ಲಾಕರಿನಲ್ಲಿಡುವುದು ಕ್ಷೇಮ. ಕೆತ್ತುವ ಕೆಲಸವನ್ನು ಅಂಗಡಿಗೆ ಕೊಡಬೇಡಿ, ಅಕ್ಷರದ ಅಚ್ಚು ತಂದು ಮನೆಯಲ್ಲೇ ಮಾಡಿ.

ಮರಣಾನಂತರದ ವಿಚಾರ ಇದಕ್ಕಿಂತ ಕಷ್ಟದ್ದು. ಬ್ಯಾಂಕ್ ಖಾತೆಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ನಾಮಿನಿ ಇಡಬಹುದು. ಸ್ವಂತ ವಾಲೆಟ್‌ಗೆ ನಾಮಿನಿ ಎಂಬುದೇ ಇಲ್ಲ. ಹೊರದೇಶದಲ್ಲಿರುವವರಿಗೆ ಏನಾದರೂ ಆದರೆ ಊರಿನ ಮನೆಯವರಿಗೆ ಪದಗಳು ಎಲ್ಲಿವೆ ಎಂದು ಗೊತ್ತಿರಬೇಕು. ವಾಲೆಟ್ ಇದೆ, ಪದಗಳು ಇಂಥ ಲಾಕರಿನಲ್ಲಿವೆ ಎಂದು ವಿಲ್‌ನಲ್ಲಿ ಬರೆಸಿ, ಪದಗಳನ್ನು ಮಾತ್ರ ವಿಲ್‌ನಲ್ಲಿ ಬರೆಸಬೇಡಿ.

ಕಳಿಸುವಾಗ ನೆಟ್‌ವರ್ಕ್ ನೋಡಿಕೊಳ್ಳಬೇಕು. ಯುಎಸ್‌ಡಿಟಿ ಹಲವು ಜಾಲಗಳಲ್ಲಿ ಓಡುತ್ತದೆ, ಟ್ರಾನ್ ಜಾಲದ ವಿಳಾಸ 'ಟಿ' ಅಕ್ಷರದಿಂದ ಶುರು, ಇಥೀರಿಯಂನದ್ದು ಸೊನ್ನೆ ಮತ್ತು 'ಎಕ್ಸ್'ನಿಂದ. ತಪ್ಪು ಜಾಲಕ್ಕೆ ಹೋದದ್ದು ಮರಳುವುದು ಕಷ್ಟ. ಹಳೆಯ ವ್ಯವಹಾರದ ಪಟ್ಟಿಯಿಂದ ವಿಳಾಸ ಕಾಪಿ ಮಾಡಬೇಡಿ. ಮೊದಲ ಮತ್ತು ಕೊನೆಯ ಕೆಲವು ಅಕ್ಷರ ಹೊಂದುವ ಸುಳ್ಳು ವಿಳಾಸದಿಂದ ಪುಡಿ ಮೊತ್ತ ಕಳಿಸಿ ಪಟ್ಟಿಯಲ್ಲಿ ಸೇರಿಕೊಳ್ಳುವ ಕಳ್ಳರಿದ್ದಾರೆ. ನಡುವಿನ ಅಕ್ಷರಗಳನ್ನೂ ನೋಡಿ, ಮೊದಲು ಸಣ್ಣ ಮೊತ್ತ ಕಳಿಸಿ, ತಲುಪಿದ ಮೇಲೆ ಉಳಿದದ್ದು.

ಇದಾವುದೂ ಬೇಡ, ತಿಂಗಳಿಗೆ ಇಷ್ಟು ಬಡ್ಡಿ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಅದು ಕ್ರಿಪ್ಟೋ ಅಲ್ಲ, ಠೇವಣಿ ವಸೂಲಿ. ಕರಾವಳಿಯಲ್ಲಿ ಲಕ್ಕಿ ಸ್ಕೀಮ್‌ಗಳಿಗೆ ಕಂತು ಕಟ್ಟಿ ಕೈಸುಟ್ಟುಕೊಂಡವರು ಇದನ್ನು ಬೇಗ ಗುರುತಿಸಬಲ್ಲರು. ಗೇನ್‌ಬಿಟ್‌ಕಾಯಿನ್ ಎಂಬುದು 18 ತಿಂಗಳ ಕಾಲ ತಿಂಗಳಿಗೆ ಶೇ 10 ಕೊಡುತ್ತೇನೆಂದು ದೇಶದುದ್ದಕ್ಕೂ ಬಿಟ್‌ಕಾಯಿನ್ ಸಂಗ್ರಹಿಸಿತು, ಆಮೇಲೆ ತಾನೇ ಹುಟ್ಟಿಸಿದ ಬೆಲೆಯಿಲ್ಲದ ಟೋಕನ್ ಹಂಚಿತು. ಸ್ಥಾಪಕನ ಬಂಧನವಾದದ್ದು 2018ರಲ್ಲಿ. 2025ರ ಫೆಬ್ರುವರಿಯಲ್ಲೂ ಸಿಬಿಐ ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಶೋಧ ನಡೆಸುತ್ತಿತ್ತು. ಇಂಥದ್ದರ ವಿರುದ್ಧ ನಮಗೆ ಎರಡು ಕಾಯ್ದೆಗಳಿವೆ: ಅನಿಯಂತ್ರಿತ ಠೇವಣಿ ಯೋಜನೆ ನಿಷೇಧಿಸುವ 2019ರ ಕೇಂದ್ರದ ಕಾಯ್ದೆ, ಠೇವಣಿದಾರರ ಹಿತರಕ್ಷಣೆಗಿರುವ ಕರ್ನಾಟಕದ 2004ರ ಕೆಪಿಐಡಿ ಕಾಯ್ದೆ. ದೂರಿನಲ್ಲಿ ಕ್ರಿಪ್ಟೋ ಎಂದಷ್ಟೇ ಬರೆಯದೆ, ಇಷ್ಟು ಪ್ರತಿಫಲದ ಭರವಸೆ ಕೊಟ್ಟು ಠೇವಣಿ ಪಡೆದರು ಎಂದು ಸ್ಪಷ್ಟವಾಗಿ ಬರೆದರೆ ಈ ಕಾಯ್ದೆಗಳ ಬಾಗಿಲು ತೆರೆಯುತ್ತದೆ.

ಸುಳ್ಳು ಟ್ರೇಡಿಂಗ್ ಆ್ಯಪ್‌ನ ಗುರುತು ಇನ್ನೊಂದು: ಲಾಭ ತೆಗೆಯಬೇಕಾದರೆ ಮೊದಲು ತೆರಿಗೆ ಕಳಿಸಿ ಎನ್ನುತ್ತದೆ. ಭಾರತದಲ್ಲಿ ಟಿಡಿಎಸ್ ಮಾರಾಟದ ಹಣದಲ್ಲೇ ಕಡಿತವಾಗುತ್ತದೆ, ಉಳಿದ ತೆರಿಗೆಯನ್ನು ಆದಾಯ ತೆರಿಗೆ ಇಲಾಖೆಗೆ ನಾವೇ ಕಟ್ಟುತ್ತೇವೆ. ಯಾವ ವಾಲೆಟ್‌ಗೂ ತೆರಿಗೆ ಕಳಿಸುವ ಪದ್ಧತಿ ಇಲ್ಲ.

ಮೋಸ ಆಗಿದೆ ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು. ಮಾನ ಹೋಗುತ್ತದೆಂದು ನಾಳೆಗೆ ಮುಂದೂಡುವಷ್ಟರಲ್ಲಿ ರೂಪಾಯಿ ಕಾಯಿನ್ ಆಗಿರುತ್ತದೆ. ಫರಂಗಿಪೇಟೆಯವರಾದರೆ ಬಂಟ್ವಾಳ ಗ್ರಾಮಾಂತರ ಠಾಣೆಯಲ್ಲೂ ದೂರು ಕೊಡಬಹುದು, ಜಿಲ್ಲೆಗೊಂದು ಸೈಬರ್ ಅಪರಾಧ (ಸೆನ್) ಠಾಣೆಯೂ ಇದೆ. ಹೋಗುವಾಗ ಆ್ಯಪ್ ಅಳಿಸಬೇಡಿ, ಚಾಟ್ ಅಳಿಸಬೇಡಿ. ಬ್ಯಾಂಕಿನ ಯುಟಿಆರ್ ಸಂಖ್ಯೆ, ಕಾಯಿನ್ ಹೋದ ವಿಳಾಸ, ವ್ಯವಹಾರದ ಹ್ಯಾಶ್ ಎಂಬ 64 ಅಕ್ಷರ-ಅಂಕಿಗಳ ಸಾಲು, ಇವನ್ನು ಬರೆದುಕೊಂಡು ಹೋಗಿ. ಸ್ಕ್ರೀನ್‌ಶಾಟ್‌ಗಿಂತ ಆ ಸಾಲು ಮುಖ್ಯ, ಅದನ್ನು ಹಾಕಿದರೆ ಕಾಯಿನ್ ಈಗ ಎಲ್ಲಿದೆ ಎಂದು ಠಾಣೆಯ ಕಂಪ್ಯೂಟರಿನಲ್ಲೇ ನೋಡಬಹುದು. ಅದು ಯಾವುದಾದರೂ ಎಕ್ಸ್‌ಚೇಂಜ್‌ಗೆ ಹೋಗಿ ಸೇರಿದ್ದರೆ ಪೊಲೀಸರು ಆ ಎಕ್ಸ್‌ಚೇಂಜ್‌ಗೆ ಬರೆಯಬಹುದು. ಯುಎಸ್‌ಡಿಟಿ ಆಗಿದ್ದು ಇನ್ನೂ ಕಳ್ಳನ ವಾಲೆಟ್‌ನಲ್ಲೇ ಇದ್ದರೆ ಆ ವಿಳಾಸವನ್ನು ತಡೆಯುವ ಶಕ್ತಿ ಟೆಥರ್ ಕಂಪೆನಿಗಿದೆ, ಹಾಗಾಗಿ ಅದಕ್ಕೂ ಪತ್ರ ಹೋಗಬೇಕು ಎಂದು ದೂರಿನಲ್ಲೇ ಕೇಳಿಕೊಳ್ಳಿ.